ಮುಪ್ಪನ್ನು ಓದಲು ಹೊರಟ ನರ್ಸಮ್ಮ

ನಲವತ್ತೈದು ದಾಟಿದ ಹೆಂಗಸು ಹೆಗಲಿಗೆ ಪುಸ್ತಕದ ಚೀಲ ಹಾಕಿಕೊಂಡರೆ ಸಾಕು, ನಗೆಪಾಟಲಿನ ಸಂಗತಿಗಳು ಕರೆಯದಿದ್ದರೂ ಬಂದು ಪಕ್ಕದಲ್ಲಿ ಕೂರುತ್ತವೆ. ನನ್ನ ಪಕ್ಕದಲ್ಲಂತೂ ಎರಡು ವರ್ಷ ಎದ್ದೇಳದೆ ಕೂತಿದ್ದವು.

ನಾನು ಹಾಸನದ ಒಂದು ನರ್ಸಿಂಗ್ ಹೋಮಿನ ಮಕ್ಕಳ ವಿಭಾಗದಲ್ಲಿ ಸ್ಟಾಫ್ ನರ್ಸ್ ಆಗಿದ್ದೆ. ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ಮುಕ್ಕಾಲು ಪಾಲು ನೈಟ್ ಡ್ಯೂಟಿಯೇ. ಮಂಡಿ ಸವೆದಿತ್ತು, ಮನೆಯವರೆಲ್ಲ ಎದ್ದು ಓಡಾಡುವ ಹೊತ್ತಿಗೆ ಮಲಗಿ ಮಲಗಿ ಸ್ವಭಾವವೂ ಸಿಡುಕಾಗಿತ್ತು. ಎರಡು ಸಾವಿರದ ಆರರ ಸುಮಾರಿಗೆ ಚನ್ನರಾಯಪಟ್ಟಣದಲ್ಲಿ ಒಂದು ಟ್ರಸ್ಟಿನವರು ವಯಸ್ಸಾದವರಿಗೆಂದು ಹಗಲು ಕೇಂದ್ರ ಕಟ್ಟಿಸತೊಡಗಿದರು. ಹಿರಿಯರು ಬೆಳಿಗ್ಗೆ ಬಂದು ಸಂಜೆ ಮನೆಗೆ ಹೋಗುವ ಕೇಂದ್ರ. ಹಾಗಾಗಿ ಅಲ್ಲಿ ಕೆಲಸ ಮಾಡುವವರಿಗೂ ಹಗಲು ಡ್ಯೂಟಿ ಮಾತ್ರ. ಮೇಲ್ವಿಚಾರಕಿಯ ಕೆಲಸ ನಿಮಗೇ ಕೊಡುತ್ತೇವೆ, ಆದರೆ ವೃದ್ಧಾಪ್ಯಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಬೇಕು, ಕಟ್ಟಡ ಮುಗಿಯುವುದು ಇನ್ನೆರಡು ವರ್ಷಕ್ಕೆ, ಆ ಯುಗಾದಿಯೊಳಗೆ ಸರ್ಟಿಫಿಕೇಟ್ ತನ್ನಿ ಎಂದು ಕಾರ್ಯದರ್ಶಿ ಹೇಳಿದರು. ತಪ್ಪಿದರೆ ಬೇರೆಯವರನ್ನು ನೋಡುತ್ತೇವೆ ಎಂಬುದನ್ನೂ ನಗುತ್ತಲೇ ಹೇಳಿದರು.

ದೂರದ ಒಂದು ವಿಶ್ವವಿದ್ಯಾಲಯ ಇಂಟರ್‌ನೆಟ್ಟಿನ ಮೂಲಕವೇ ಆ ಪಾಠ ಹೇಳುತ್ತದೆಂದು ಗೊತ್ತಾಯಿತು. ನನಗೆ ಆಗ ಕಂಪ್ಯೂಟರ್ ಎಂದರೆ ನರ್ಸಿಂಗ್ ಹೋಮಿನ ಬಿಲ್ ಕೌಂಟರಿನಲ್ಲಿ ಪ್ಲಾಸ್ಟಿಕ್ ಹೊದ್ದು ಕೂತಿದ್ದ ಒಂದು ಸಾಮಾನು, ಅಷ್ಟೇ. ಆದರೂ ಸೇರಿಬಿಟ್ಟೆ.

ತಾನಾಗೇ ಬರುವ ವಿದ್ಯೆ

ಮನುಷ್ಯನಿಗೆ ವಯಸ್ಸಾದಾಗ ಮೈಗೆ, ಮನಸ್ಸಿಗೆ, ಸಂಸಾರದೊಳಗಿನ ಸ್ಥಾನಕ್ಕೆ ಏನೇನಾಗುತ್ತದೆ ಎಂದು ತಿಳಿಯುವುದೇ ವೃದ್ಧಾಪ್ಯಶಾಸ್ತ್ರ. ಇದನ್ನು ನಾನು ಎಷ್ಟು ಜನಕ್ಕೆ ಬಿಡಿಸಿ ಹೇಳಿದೆನೋ ಲೆಕ್ಕವಿಲ್ಲ. ನರ್ಸಿಂಗ್ ಹೋಮಿನ ಡಾಕ್ಟರು, ಮಕ್ಕಳ ವಿಭಾಗದಲ್ಲಿ ಕೆಲಸ ಮಾಡುತ್ತ ಮುದುಕರನ್ನು ಓದುತ್ತೀರಲ್ಲ, ನಡುವೆ ಇರುವ ನಾವೇನು ತಪ್ಪು ಮಾಡಿದೆವು ಎಂದರು. ಪಕ್ಕದ ಮನೆಯವರು ನಾನು ವೃದ್ಧಾಶ್ರಮ ಸೇರುತ್ತಿದ್ದೇನೆಂದು ತಿಳಿದು, ಮನೆಯಲ್ಲಿ ಎಲ್ಲ ಸರಿಯಿದೆಯೇ ಎಂದು ನನ್ನ ಯಜಮಾನರನ್ನು ಗುಟ್ಟಾಗಿ ವಿಚಾರಿಸಿಕೊಂಡರು.

ಎಲ್ಲರಿಗಿಂತ ನೇರವಾಗಿ ಮಾತಾಡಿದ್ದು ನನ್ನ ಮೈದುನ. ಹೊಳೆನರಸೀಪುರದಲ್ಲಿ ದೇವಸ್ಥಾನದ ಪೂಜೆ ನೋಡಿಕೊಂಡಿರುವವನು, ನಮ್ಮ ಅತ್ತೆಯವರೂ ಅವನ ಮನೆಯಲ್ಲೇ ಇದ್ದರು. ನಾನು ಹೇಳಿದ್ದನ್ನೆಲ್ಲ ತಾಳ್ಮೆಯಿಂದ ಕೇಳಿದ. ಕೊನೆಗೆ ತಲೆಯ ಮೇಲಿನ ನಾಲ್ಕು ಕೂದಲು ಸವರಿಕೊಂಡು, "ಅದಕ್ಕೆ ಎರಡು ವರ್ಷ ಯಾಕೆ ಓದ್ಬೇಕು ಅತ್ತಿಗೆ? ನಂಗೆ ಪುಸ್ತಕ ಮುಟ್ಟದೇನೇ ಬರ್ತಾ ಇದೆ" ಅಂದ.

ವಿನಮ್ರ ಅರ್ಜಿ

ಹಾಸನದ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ಕಾಲ ಬದಲಾಗಿ ಟೈಪ್ ಕಲಿಯುವವರು ಬರುವುದು ನಿಂತಾಗ ಅದರ ಯಜಮಾನರು ಮೆಷಿನ್‌ಗಳನ್ನೆಲ್ಲ ಮೂಲೆಗೆ ಪೇರಿಸಿ, ನಾಲ್ಕು ಕಂಪ್ಯೂಟರ್ ತಂದಿಟ್ಟು, ಹೊರಗೆ ಇಂಟರ್‌ನೆಟ್ ಸೆಂಟರ್ ಎಂದು ಬೋರ್ಡು ಹಾಕಿದರು. ಬೋರ್ಡು ಬದಲಾಯಿತು, ಮೇಷ್ಟ್ರು ಬದಲಾಗಲಿಲ್ಲ. ಗೂನು ಹಾಕಿಕೊಂಡು ಕೂತರೆ ಸ್ಕೇಲಿನಿಂದ ಕುರ್ಚಿ ತಟ್ಟುತ್ತಿದ್ದರು. ಒಂದೇ ಬೆರಳಿನಲ್ಲಿ ಕೀಲಿ ಒತ್ತುವವರನ್ನು ಕಂಡರೆ ಅವರಿಗೆ ಮೈಯುರಿ. ನಾನು ಒಂದೇ ಬೆರಳಿನವಳು.

ಒಂದು ಸಲ ಹಿರಿಯರ ಒಂಟಿತನದ ಬಗ್ಗೆ ಆರು ಪುಟದ ಪ್ರಬಂಧ ಕಳಿಸಬೇಕಿತ್ತು. ಬರೆದದ್ದನ್ನು ಮೇಷ್ಟ್ರ ಕೈಗೆ ಕೊಟ್ಟು, ಡ್ಯೂಟಿಗೆ ಹೊತ್ತಾಯಿತು, ದಯವಿಟ್ಟು ನೀವೇ ಟೈಪ್ ಮಾಡಿ ಕಳಿಸಿಬಿಡಿ ಎಂದು ಓಡಿದೆ. ಮೂವತ್ತು ವರ್ಷ ತಾಲ್ಲೂಕಿನ ಜನಕ್ಕೆ ಅರ್ಜಿ ಟೈಪ್ ಮಾಡಿಕೊಟ್ಟ ಕೈ ಅದು. ತಲೆಬುಡವಿಲ್ಲದ ಕಾಗದ ಹೊರಗೆ ಹೋಗಲು ಅವರ ಮನಸ್ಸು ಒಪ್ಪಲಿಲ್ಲ. ಮೇಲೆ 'ಮಾನ್ಯರೆ, ಈ ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಸನ್ನಿಧಾನದಲ್ಲಿ ವಿನಮ್ರಳಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ' ಎಂಬುದನ್ನು ಒಳ್ಳೆಯ ಇಂಗ್ಲಿಷಿನಲ್ಲಿ ಸೇರಿಸಿದರು. ಕೆಳಗೆ, ದೊಡ್ಡ ಮನಸ್ಸು ಮಾಡಿ ಮಂಜೂರು ಮಾಡಿಕೊಟ್ಟರೆ ನಾನೂ ನನ್ನ ಕುಟುಂಬವೂ ಎಂದೆಂದಿಗೂ ಚಿರಋಣಿ ಎಂದು ಮುಗಿಸಿದರು.

ನನಗೆ ಇದು ಗೊತ್ತಾದದ್ದು ನಾಲ್ಕು ದಿನದ ಮೇಲೆ, ಪ್ರೊಫೆಸರರ ಉತ್ತರ ಬಂದಾಗ. ಪ್ರಬಂಧ ಚೆನ್ನಾಗಿದೆ, ಒಳ್ಳೆಯ ಅಂಕ ಕೊಟ್ಟಿದ್ದೇನೆ, ಆದರೆ ತಾವು ಯಾವತ್ತಿನಿಂದ ಯಾವತ್ತಿನವರೆಗೆ ರಜೆ ಕೇಳುತ್ತಿದ್ದೀರಿ ಎಂಬುದು ಮಾತ್ರ ಎಲ್ಲೂ ಸ್ಪಷ್ಟವಾಗಿಲ್ಲ ಎಂದು ಬರೆದಿದ್ದರು.

ಒಂದು ಮಧ್ಯಾಹ್ನದಲ್ಲಿ ಇಳಿದ ವಯಸ್ಸು

ಎರಡನೇ ವರ್ಷ ಹಳ್ಳಿಗೆ ಹೋಗಿ ಅರವತ್ತು ದಾಟಿದ ಮೂವತ್ತು ಜನರನ್ನು ಮಾತಾಡಿಸಿ ಬರಬೇಕೆಂದಾಯಿತು. ಅರಕಲಗೂಡಿನ ಕಡೆಯ ಒಂದು ಊರು ಆರಿಸಿಕೊಂಡೆ. ರಜೆ ಹಾಕಿ, ಕೈಯಲ್ಲಿ ರಟ್ಟು, ಫಾರಮ್ಮು, ಪೆನ್ನು ಹಿಡಿದು ಬಸ್ಸಿಳಿದೆ. ಅರಳಿಕಟ್ಟೆಯ ಮೇಲಿದ್ದವರು ನನ್ನನ್ನು ಕಂಡದ್ದೇ ತಡ, ಹತ್ತೇ ನಿಮಿಷದಲ್ಲಿ ಊರಿನ ಹಿರಿಯರೆಲ್ಲ ಬಂದು ಕೂತರು. ಇಷ್ಟು ಸಹಕಾರ ಎಲ್ಲಿ ಸಿಗುತ್ತದೆ ಎಂದು ನಾನು ಹಿಗ್ಗಿಹೋದೆ.

ಮೊದಲನೆಯವರು ಎಪ್ಪತ್ತೈದು ಎಂದರು. ಎರಡನೆಯವರು ಎಂಬತ್ತು. ಮೂರನೆಯವರು, ಹಲ್ಲೆಲ್ಲ ಗಟ್ಟಿಯಾಗಿದ್ದವರು, ಕಬ್ಬು ಸಿಗಿಯುತ್ತಲೇ ತೊಂಬತ್ತು ಎಂದರು. ಅವರ ಪಕ್ಕದಲ್ಲಿದ್ದ ಅಣ್ಣ ಸ್ವಲ್ಪ ಹೊತ್ತು ಯೋಚಿಸಿ, ತಮ್ಮನಿಗಿಂತ ಕಡಿಮೆಯಾದರೆ ಆಗುವುದಿಲ್ಲವೆಂದು ನೂರಾ ನಾಲ್ಕು ಬರೆಸಿದರು. ನಾನು ಪೆನ್ನು ಕೆಳಗಿಟ್ಟೆ. ಇವರು ನನ್ನನ್ನು ವೃದ್ಧಾಪ್ಯ ವೇತನದ ಪಟ್ಟಿ ಮಾಡಲು ಬಂದವಳೆಂದು ತಿಳಿದಿದ್ದಾರೆ ಎನ್ನುವುದು ಆಗ ಹೊಳೆಯಿತು. ಇದು ವೇತನಕ್ಕಲ್ಲ, ನನ್ನ ಓದಿಗೆ, ಸರ್ಕಾರಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಬಿಡಿಸಿ ಹೇಳಿದೆ.

ಕೂಡಲೇ ನೂರಾ ನಾಲ್ಕರವರು ಪಂಚೆ ಕೊಡವಿಕೊಂಡು ಎದ್ದು, "ಅಂಗಾದ್ರೆ ಐವತ್ತೆಂಟು ಅಂತ ಬರ್ಕಳವ್ವ. ನಮ್ ಮನೇಲಿ ಇನ್ನೂ ಮದ್ವೆ ಕೆಲ್ಸ ಬಾಕಿ ಅವೆ" ಅಂದರು. ಅಣ್ಣನೇ ಐವತ್ತೆಂಟಾದ ಮೇಲೆ ತಮ್ಮನಾದವರು ಐವತ್ತಾರಕ್ಕೆ ಇಳಿದರು. ಅವರ ಹಿಂದೆ ಉಳಿದವರೂ ಸಾಲಾಗಿ ಇಳಿದರು. ಫಾರಮ್ಮಿನ ಪ್ರಕಾರ ಆ ಮಧ್ಯಾಹ್ನ ಆ ಊರಿನಲ್ಲಿ ಮುದುಕರು ಎಂಬುವರೇ ಉಳಿಯಲಿಲ್ಲ, ನಾನೊಬ್ಬಳೇ ದಣಿದು ಮುದುಕಿಯಾಗಿ ವಾಪಸು ಬಸ್ಸು ಹತ್ತಿದೆ.

ನೂರರಲ್ಲಿ ಏಳು

ಮೂವತ್ತು ಜನ ಕೊನೆಗೆ ಸಿಕ್ಕಿದ್ದು ನುಗ್ಗೇಹಳ್ಳಿಯ ಸುತ್ತಮುತ್ತ. ಅವರಿಗೆ ನೆನಪಿನ ಶಕ್ತಿಯ ಪರೀಕ್ಷೆಯನ್ನೂ ಮಾಡಬೇಕಿತ್ತು. ಅದರಲ್ಲೊಂದು ಪ್ರಶ್ನೆ, ನೂರರಲ್ಲಿ ಏಳು ಕಳೆಯಿರಿ, ಉಳಿದದ್ದರಲ್ಲಿ ಮತ್ತೆ ಏಳು ಕಳೆಯಿರಿ, ಹೀಗೆ ಐದು ಸಲ. ಬುದ್ಧಿ ಚುರುಕಾಗಿದೆಯೇ ಎಂದು ಅಳೆಯುವ ಲೆಕ್ಕ.

ಒಬ್ಬ ಯಜಮಾನರು ತೋಟದ ಮನೆಯ ಮುಂದೆ ಕಾಯಿ ಸುಲಿಯುತ್ತಿದ್ದರು. ಬರಿಯ ಅಂಕಿ ಹೇಳಿದರೆ ತಿಳಿಯದೇನೋ ಎಂದು ನಾನೇ ಜಾಣತನ ಮಾಡಿ, ನಿಮ್ಮ ಹತ್ತಿರ ನೂರು ತೆಂಗಿನಕಾಯಿ ಇದೆ ಅಂದುಕೊಳ್ಳಿ, ಅದರಲ್ಲಿ ಏಳು ಹೋಯಿತು, ಎಷ್ಟು ಉಳಿಯಿತು ಎಂದು ಕೇಳಿದೆ. ಅವರು ಸುಲಿಯುವುದನ್ನು ನಿಲ್ಲಿಸಿದರು.

"ಯಾರ್ ತಗಂಡೋದ್ರು?"

ಯಾರೂ ತೆಗೆದುಕೊಂಡು ಹೋಗಲಿಲ್ಲ, ಸುಮ್ಮನೆ ಲೆಕ್ಕಕ್ಕೆ ಎಂದೆ. ಮತ್ತೆ ಏಳು ಹೋಯಿತು, ಈಗ ಎಷ್ಟು? ಅವರ ಮುಖ ಗಂಭೀರವಾಯಿತು. ಮೊದಲಿನ ಏಳು ಹೋದಾಗಲೇ ನಾಯಿ ಬೊಗಳಬೇಕಿತ್ತಲ್ಲ ಎಂದರು. ಮೂರನೇ ಸಲ ಏಳು ಹೋದಾಗ ಒಳಗಿನಿಂದ ಹೆಂಡತಿಯನ್ನು ಕರೆದರು. ನಾಲ್ಕನೆಯ ಏಳಕ್ಕೆ ಪಕ್ಕದ ತೋಟದವರ ಹೆಸರು ಹಿಡಿದು ಅನುಮಾನ ಪಟ್ಟರು. ಐದನೆಯದನ್ನು ಕೇಳಲು ನನಗೆ ಧೈರ್ಯ ಬರಲಿಲ್ಲ. ಉತ್ತರವಿಲ್ಲ ಎಂದು ಫಾರಮ್ಮಿನಲ್ಲಿ ಸೊನ್ನೆ ಹಾಕಿ, ಕೈಮುಗಿದು ಹೊರಟೆ.

ಬೇಲಿ ದಾಟುವಾಗ ಹಿಂದಿನಿಂದ ಕೂಗಿದರು. "ಇಪ್ಪತ್ತೆಂಟ್ ಕಾಯಿ ಓಗವೆ, ಎಪ್ಪತ್ತೆರಡು ಉಳ್ದವೆ. ಕಳ್ಳ ಸಿಕ್ರೆ ನಂಗ್ ಬಂದ್ ಯೋಳವ್ವ." ನಾನು ಅಲ್ಲೇ ನಿಂತು ಸೊನ್ನೆ ಹೊಡೆದು ಪೂರ್ತಿ ಅಂಕ ಹಾಕಿದೆ.

ಅತ್ತೆಯವರ ಫಲಿತಾಂಶ

ಪದವಿಯ ಕೊನೆಯ ಕೆಲಸ, ಒಬ್ಬರೇ ಹಿರಿಯರನ್ನು ಆರು ತಿಂಗಳು ಹತ್ತಿರದಿಂದ ನೋಡಿ ವರದಿ ಬರೆಯುವುದು. ನಾನು ನಮ್ಮ ಅತ್ತೆಯವರನ್ನೇ ಆರಿಸಿಕೊಂಡೆ. ಎಂಬತ್ತರ ಮೇಲಾಗಿತ್ತು. ಆದರೆ ಮೊಮ್ಮಕ್ಕಳ ಲಸಿಕೆಯಿಂದ ಹಿಡಿದು ದೇವಸ್ಥಾನದ ನಂದಾದೀಪದ ಎಣ್ಣೆಯವರೆಗೆ ಆ ಮನೆ ನಡೆಯುತ್ತಿದ್ದುದು ಅವರ ತಲೆಯೊಳಗಿನ ಪಟ್ಟಿಯ ಮೇಲೆ. ನಮ್ಮ ಮಾವನವರು ಇದ್ದಾಗ ದಿನಾ ಬೆಳಿಗ್ಗೆ ಪಂಚಾಂಗ ಓದುತ್ತಿದ್ದರು. ಅವರು ಹೋದ ಮೇಲೆ ಅತ್ತೆ ಆ ಕೆಲಸ ವಹಿಸಿಕೊಂಡಿದ್ದರು.

ಅವರಿಗೂ ನೆನಪಿನ ಪರೀಕ್ಷೆ ಮಾಡಲೇಬೇಕಿತ್ತು. ದಸರೆಯ ಹೊತ್ತಿಗೆ ಹೊಳೆನರಸೀಪುರಕ್ಕೆ ಹೋಗಿ ಜಗಲಿಯ ಮೇಲೆ ಎದುರಿಗೆ ಕೂತೆ. ಇವತ್ತು ಏನು ದಿನ ಎಂದು ಕೇಳಿದೆ. ಸರ್ವಜಿತು ನಾಮ ಸಂವತ್ಸರ, ದಕ್ಷಿಣಾಯನ, ಶರದೃತು, ಆಶ್ವಯುಜ ಮಾಸ, ಶುಕ್ಲಪಕ್ಷ, ಸಪ್ತಮಿ ಎಂದು ಉಸಿರು ತೆಗೆದುಕೊಳ್ಳದೆ ಹೇಳಿದರು. ಅದು ಸರಿ ಅಮ್ಮ, ತಾರೀಖು ಎಷ್ಟು, ಇಸವಿ ಎಷ್ಟು ಎಂದೆ.

"ಇಸವಿ ನಿಮ್ಮ ಆಫೀಸಿನವರಿಗೆ. ದೇವರ ಮುಂದೆ ಸಂಕಲ್ಪ ಮಾಡೋವಾಗ ಯಾರಾದ್ರೂ ಇಸವಿ ಹೇಳ್ತಾರೇನೇ?"

ಫಾರಮ್ಮಿನಲ್ಲಿ ಬೇಸಿಗೆ, ಮಳೆ, ಚಳಿ ಮಾತ್ರ ಇದ್ದವು, ಶರದೃತುವಿಗೆ ಜಾಗವಿರಲಿಲ್ಲ. ನಾವೀಗ ಎಷ್ಟನೇ ಮಹಡಿಯಲ್ಲಿದ್ದೇವೆ ಎಂಬ ಪ್ರಶ್ನೆಗೆ, ಮಹಡಿ ಕಟ್ಟಿಸುತ್ತೇನೆಂದು ನಿನ್ನ ಗಂಡ ಹೇಳಿ ಹತ್ತು ವರ್ಷವಾಯಿತು ಎಂದರು. ಸೇಬು, ಮೇಜು, ನಾಣ್ಯ ಎಂಬ ಮೂರು ಮಾತು ಹೇಳಿ ಐದು ನಿಮಿಷ ಬಿಟ್ಟು ನೆನಪಿದೆಯೇ ಎಂದು ಕೇಳಬೇಕಿತ್ತು. ಮೂರನ್ನೂ ಹೇಳಿದರು. ಜೊತೆಗೆ ನಾನು ಮದುವೆಯಾದ ವರ್ಷ ತವರಿನಿಂದ ತರುತ್ತೇನೆಂದು ಹೇಳಿ ಮರೆತು ಬಂದಿದ್ದ ಮಾವಿನ ಮಿಡಿ, ಹಪ್ಪಳದ ಮಣೆಗಳನ್ನೂ ನೆನಪಿಸಿದರು. ಇದಕ್ಕೆ ಪ್ರತ್ಯೇಕ ಅಂಕವಿರಲಿಲ್ಲ.

ಹಾಸನಕ್ಕೆ ಬಂದು ಉತ್ತರಗಳನ್ನೆಲ್ಲ ಕಂಪ್ಯೂಟರಿಗೆ ತುಂಬಿದೆ. ಅದು ಕೂಡಿ ಕಳೆದು, ತೀವ್ರ ಮರೆವು, ಇವರನ್ನು ಒಂಟಿಯಾಗಿ ಹೊರಗೆ ಕಳಿಸಬೇಡಿ ಎಂದು ಬರೆಯಿತು. ನನಗೆ ಸಿಟ್ಟು ಬಂತು. ಈ ಯಂತ್ರದ ಯೋಗ್ಯತೆ ನೋಡಿಯೇ ಬಿಡೋಣ ಎಂದು ನಾನೇ ಪರೀಕ್ಷೆಗೆ ಕೂತೆ. ಹಿಂದಿನ ದಿನ ಡ್ಯೂಟಿಗೆ ಹೋದವಳು ಮಾರನೇ ದಿನ ಹೊರಗೆ ಬಂದಿದ್ದೆ, ತಾರೀಖು ತಪ್ಪಿತು, ವಾರವೂ ತಪ್ಪಿತು, ಮೂರು ಮಾತಿನಲ್ಲಿ ಮೇಜು ಮರೆತೇಹೋಯಿತು. ಸೌಮ್ಯ ಮರೆವು ಎಂದು ಬಂತು. ಮದುವೆಯಾಗಿ ಅಷ್ಟು ವರ್ಷದಲ್ಲಿ ಅತ್ತೆ-ಸೊಸೆ ಒಂದೇ ಪಟ್ಟಿಗೆ ಸೇರಿದ್ದು ಅದೇ ಮೊದಲು.

ಫಾಲ್ಗುಣ ಶುದ್ಧ ತದಿಗೆ

ಪಂಚಾಂಗದಲ್ಲಿ ಬದುಕುವವರನ್ನು ಕ್ಯಾಲೆಂಡರಿನಲ್ಲಿ ಅಳೆಯಬಾರದು, ಪರೀಕ್ಷೆಯೇ ತಪ್ಪು, ನಮ್ಮ ಅತ್ತೆಗೆ ಮರೆವಿಲ್ಲ ಎಂದು ನಾನು ವರದಿ ಬರೆದು ಕಳಿಸಿದೆ. ಪರೀಕ್ಷಕರಿಗೆ ನಂಬಿಕೆ ಬರಲಿಲ್ಲ. ಅಂಕ ಒಂದು ಹೇಳುತ್ತಿದೆ, ನೀವು ಇನ್ನೊಂದು ಹೇಳುತ್ತಿದ್ದೀರಿ, ಮನೆಯವರೆಂದು ಪಕ್ಷಪಾತ ಮಾಡಿದಂತಿದೆ, ಮೌಖಿಕ ಪರೀಕ್ಷೆಯ ದಿನ ಅವರನ್ನೂ ಕ್ಯಾಮೆರಾದ ಮುಂದೆ ಕೂರಿಸಿ, ನಾನೇ ಕೇಳುತ್ತೇನೆ ಎಂದು ಬರೆದರು. ಅವರಿಗೆ ಸಮಾಧಾನವಾಗದಿದ್ದರೆ ಇನ್ನೊಬ್ಬರನ್ನು ಹುಡುಕಿ ಮತ್ತೆ ಆರು ತಿಂಗಳು. ಯುಗಾದಿಗೆ ಒಂದು ತಿಂಗಳು ಚಿಲ್ಲರೆಯಷ್ಟೇ ಉಳಿದಿತ್ತು. ನಿಜ ಹೇಳುತ್ತೇನೆ, ನನಗೆ ಊಟ ಸೇರಲಿಲ್ಲ. ಕಣ್ಣು ಮುಚ್ಚಿದರೆ ನೈಟ್ ಡ್ಯೂಟಿಯ ರಿಜಿಸ್ಟರೇ ಕಾಣುತ್ತಿತ್ತು.

ಒಂದು ವಾರ ಅತ್ತೆಗೆ ಫೋನಿನಲ್ಲಿ ಪಾಠ ಮಾಡಿದೆ. ಅಮ್ಮ, ಅವರು ಕೇಳಿದರೆ ಮಾರ್ಚ್, ಎರಡು ಸಾವಿರದ ಎಂಟು ಅನ್ನಿ, ಬೇರೇನೂ ಬೇಡ. ಆಗಲಿ ಎಂದರು.

ಸೋಮವಾರ ಬೆಳಿಗ್ಗೆ ಮೈದುನ ಅವರನ್ನು ಬಸ್ಸಿನಲ್ಲಿ ಕರೆತಂದ. ಟೈಪಿಂಗ್ ಮೇಷ್ಟ್ರು ಅಂದು ಬೇರೆ ಗಿರಾಕಿಗಳನ್ನು ಒಳಗೆ ಬಿಡದೆ, ಕುರ್ಚಿಯ ಮೇಲೆ ಮಡಿ ಎಂದು ಹೊಸ ಟವಲ್ ಹಾಸಿದ್ದರು. ಅತ್ತೆ ನೆಟ್ಟಗೆ ಕೂತ ರೀತಿ ನೋಡಿ ಅವರಿಗೆ ಬಹಳ ಸಂತೋಷವಾಯಿತು. ಪರದೆಯ ಮೇಲೆ ಪರೀಕ್ಷಕರು ಮೂಡಿದರು. ಅರವತ್ತರ ಆಸುಪಾಸು, ಕನ್ನಡಕ, ಹಿಂದೆ ಗೋಡೆ ಗಡಿಯಾರ. ಮೂಲ ಅನಂತಪುರದ ಕಡೆಯಂತೆ, ಒಂದಿಷ್ಟು ಕನ್ನಡ ಬರುತ್ತಿತ್ತು. ನನ್ನನ್ನು ನಾಲ್ಕು ಪ್ರಶ್ನೆ ಕೇಳಿ, ಅತ್ತೆಯ ಕಡೆಗೆ ತಿರುಗಿ, ಇವತ್ತು ಏನು ದಿನವಮ್ಮ ಎಂದರು.

ಅತ್ತೆ ನನ್ನ ಕಡೆ ಒಂದು ಸಲ ನೋಡಿದರು. ನಾನು ತುಟಿಯಲ್ಲೇ ಮಾರ್ಚ್ ಎಂದೆ. ದೊಡ್ಡವರೊಬ್ಬರು ಮರ್ಯಾದೆಯಿಂದ ಕೇಳುವಾಗ ಅರ್ಧಂಬರ್ಧ ಹೇಳುವುದು ಅವರಿಗೆ ಸರಿ ಕಾಣಲಿಲ್ಲವಂತೆ, ಆಮೇಲೆ ಹೇಳಿದರು. ಸೆರಗು ಸರಿಮಾಡಿಕೊಂಡು ಶುರು ಮಾಡಿಯೇಬಿಟ್ಟರು.

"ಸರ್ವಜಿತು ನಾಮ ಸಂವತ್ಸರ, ಉತ್ತರಾಯಣ, ಶಿಶಿರ ಋತು, ಫಾಲ್ಗುಣ ಮಾಸ, ಶುಕ್ಲಪಕ್ಷ, ತದಿಗೆ, ಸೋಮವಾರ, ರೇವತಿ ನಕ್ಷತ್ರ."

ಮುಗಿಯಿತು ನನ್ನ ಕಥೆ ಎಂದುಕೊಂಡೆ. ಪರದೆಯ ಮೇಲೆ ಪರೀಕ್ಷಕರು ಪೆನ್ನು ಎತ್ತಿದವರು ಎತ್ತಿದಂತೆಯೇ ಇದ್ದರು. ಲೈನು ಹೋಯಿತೆಂದು ಮೇಷ್ಟ್ರು ಮೇಜಿನ ಕೆಳಗೆ ಬಗ್ಗಿ ವೈರು ಅಲುಗಾಡಿಸಿದರು. ಲೈನು ಹೋಗಿರಲಿಲ್ಲ, ಗೋಡೆ ಗಡಿಯಾರದ ಮುಳ್ಳು ಓಡುತ್ತಿತ್ತು. ಓಡದೆ ನಿಂತಿದ್ದವರು ಅವರೇ.

ತದಿಗೆಯೇ ಎಂದು ಮೆಲ್ಲಗೆ ಕೇಳಿದರು. ಹೌದು, ನಿನ್ನೆ ಬಿದಿಗೆ, ಇವತ್ತು ತದಿಗೆ ಎಂದರು ಅತ್ತೆ. ಅವರು ಹಿಂದಕ್ಕೆ ತಿರುಗಿ ತೆಲುಗಿನಲ್ಲಿ ಏನೋ ಕೂಗಿದರು. ಒಳಗಿನಿಂದ ಒಂದು ಹೆಂಗಸಿನ ಧ್ವನಿ ಉತ್ತರ ಕೊಟ್ಟಿತು, ಆಮೇಲೆ ಅಡುಗೆಮನೆಯಲ್ಲಿ ಏನೋ ಪಾತ್ರೆ ಬಿದ್ದ ಸದ್ದಾಯಿತು. ಪರೀಕ್ಷಕರು ಕನ್ನಡಕ ತೆಗೆದರು.

"ಅಮ್ಮಾ, ಇವತ್ತು ನಮ್ಮ ತಂದೆಯವರ ತಿಥಿ. ಮರೆತೇಬಿಟ್ಟೆ. ಬೆಳಿಗ್ಗೆ ಇಡ್ಲಿ ಬೇರೆ ತಿಂದುಬಿಟ್ಟಿದ್ದೀನಿ."

ಅತ್ತೆ ಮೊಮ್ಮಗನಿಗೆ ಜ್ವರ ಬಂದಾಗ ಹೇಳುವಷ್ಟೇ ನಿಧಾನವಾಗಿ, ತಿಂದದ್ದು ತಿಂದಾಯಿತು, ಹೆದರಬೇಡಿ, ಮಧ್ಯಾಹ್ನಕ್ಕೆ ಇನ್ನೂ ಹೊತ್ತಿದೆ ಎಂದರು. ಸ್ನಾನ ಮಾಡಿ ಪುರೋಹಿತರಿಗೆ ಹೇಳಿಕಳಿಸಿ, ಸಿಗದಿದ್ದರೆ ಅಕ್ಕಿ, ಬೇಳೆ, ಬಾಳೆಕಾಯಿ ಇಟ್ಟು ಸ್ವಯಂಪಾಕ ಕೊಟ್ಟು ನಮಸ್ಕಾರ ಮಾಡಿ, ಉಳಿದದ್ದನ್ನು ದೇವರು ನೋಡಿಕೊಳ್ಳುತ್ತಾನೆ ಎಂದು ಕ್ರಮವಾಗಿ ತಿಳಿಸಿದರು. ಆ ದೊಡ್ಡ ವಿದ್ವಾಂಸರು ನನ್ನ ವರದಿಯ ಹಿಂಬದಿಯಲ್ಲೇ ಅದನ್ನೆಲ್ಲ ಬರೆದುಕೊಂಡರು. ಬರೆದು, ಕ್ಯಾಮೆರಾಕ್ಕೆ ಎರಡೂ ಕೈ ಜೋಡಿಸಿ, ಕುರ್ಚಿ ಸರಿಸಿ ಎದ್ದರು.

ನನಗೆ ಗಾಬರಿಯಾಯಿತು. ಸರ್, ನನ್ನ ಪರೀಕ್ಷೆ ಎಂದು ಕೂಗಿದೆ. ಅವರು ಬಾಗಿಲಿನ ಹತ್ತಿರದಿಂದಲೇ ಪಾಸಮ್ಮಾ, ಪಾಸು, ನೀವು ಬರೆದದ್ದೇ ಸರಿ ಎಂದು ಹೇಳಿ ಹೊರಟೇಹೋದರು. ಖಾಲಿ ಕುರ್ಚಿ ನೋಡುತ್ತ ನಾನು ಅಳುವುದೋ ನಗುವುದೋ ತಿಳಿಯದೆ ಎರಡನ್ನೂ ಮಾಡಿದೆ. ಎರಡು ವರ್ಷದಿಂದ ಎದೆಯ ಮೇಲಿದ್ದ ಕಲ್ಲು ಇಳಿದಂತಾಗಿತ್ತು. ಸರ್ಟಿಫಿಕೇಟ್ ಯುಗಾದಿಗೆ ಐದು ದಿನ ಮುಂಚೆ ಬಂತು, ಬೇವು-ಬೆಲ್ಲ ತಿಂದ ಮಾರನೇ ವಾರವೇ ನಾನು ಚನ್ನರಾಯಪಟ್ಟಣದ ಹಗಲು ಬಸ್ಸು ಹತ್ತಿದೆ.

ಅಂದು ಸೆಂಟರಿನಿಂದ ಹೊರಗೆ ಬರುವಾಗ ಅತ್ತೆ ಮೆಟ್ಟಿಲ ಮೇಲೆ ನಿಂತು, ಯಾರಿಗೂ ಕೇಳಿಸದಂತೆ ನನ್ನ ಕಿವಿಯ ಹತ್ತಿರ ಬಗ್ಗಿದರು.

"ಮನುಷ್ಯ ಒಳ್ಳೆಯವರು ಕಣೇ. ಆದ್ರೆ ಪಾಪ, ಮರೆವು ಜಾಸ್ತಿ ಇದ್ದ ಹಾಗಿದೆ. ಆ ನಿನ್ನ ಸೇಬು-ಮೇಜು ಪರೀಕ್ಷೆ ಅವರಿಗೊಂದ್ಸಲ ಮಾಡಿಬಿಡು."